ಗಯೆಯಲ್ಲಿ ಬಿಟ್ಟದ್ದು

ನೆಲಮಂಗಲ ದಾಟಿದವರೆಲ್ಲ ಪ್ರವಾಸಕಥನ ಬರೆಯುತ್ತಿದ್ದ ಕಾಲ ಅದು. ಎಪ್ಪತ್ತರ ದಶಕದ ತುಮಕೂರಿನಲ್ಲಿ ಒಬ್ಬ ಮನುಷ್ಯ ಟ್ರಂಕಿಗೆ ಬೀಗ ಹಾಕಿ ಬಸ್ಸು ಹತ್ತಿದ ಅಂದರೆ ಸಾಕು, ಅವನು ವಾಪಸು ಬರುವ ಮೊದಲೇ ಪುಸ್ತಕದ ಹೆಸರು ಊರಿಗೆ ಬಂದಿರುತ್ತಿತ್ತು. ಒಬ್ಬರು ಮದರಾಸಿಗೆ ಕಣ್ಣಿನ ಆಪರೇಷನ್ನಿಗೆಂದು ಹೋಗಿ, ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದು ಎದ್ದು ಬಂದು, ಆ ನಗರದ ಸೌಂದರ್ಯವನ್ನು ಇಡೀ ಪುಸ್ತಕದ ಉದ್ದಕ್ಕೂ ವರ್ಣಿಸಿದರು. ಅದಕ್ಕೂ ಬಿಡುಗಡೆ ಸಮಾರಂಭ, ಅದಕ್ಕೂ ಹಾರ ತುರಾಯಿ, ಕೇಸರಿಬಾತು. ನಾನು ಗುಬ್ಬಿಯ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಇಂಥ ಪುಸ್ತಕ ಕೈಗೆ ಬಂದಾಗೆಲ್ಲ ಕೆಂಪು ಶಾಯಿ ಎಲ್ಲಿದೆ ಅಂತ ಹುಡುಕುವಂತಾಗುತ್ತಿತ್ತು.

ಈ ಪ್ರವಾಸಿಗಳ ಪೈಕಿ ಎಲ್ಲರಿಗಿಂತ ಎತ್ತರದ ಪೀಠದಲ್ಲಿ ಕೂತವರು ಅನಂತರಾಮಯ್ಯನವರು. ನನ್ನ ತಂಗಿ ಕೌಸಲ್ಯೆಯ ಗಂಡ. ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರು, ಚಿಕ್ಕಪೇಟೆಯಲ್ಲಿ ಮನೆ, ಅಗಲವಾದ ಹಣೆ, ಅದರ ಮೇಲೆ ಚಿಂತನೆಯದೆಂದು ಅವರು ಹೇಳುತ್ತಿದ್ದ ಮೂರು ಗೆರೆ. ಅವರಿಗೆ ಬಿಸಿಲು ಆಗದು. ನೀರು ಕಂಡರೆ ತಲೆ ಸುತ್ತು. ಹೊರಗಿನ ಊಟ ಹೊಟ್ಟೆಗೆ ಒಗ್ಗದು, ಮೆಟ್ಟಿಲು ಹತ್ತಿದರೆ ಏದುಸಿರು. ಇಷ್ಟನ್ನೂ ಕಳೆದರೆ ಒಂದು ಪ್ರವಾಸದಲ್ಲಿ ಉಳಿಯುವುದು ಛತ್ರದ ಕೋಣೆ. ಅದನ್ನು ಮಾತ್ರ ಅವರು ಬಹಳ ಚೆನ್ನಾಗಿ ನೋಡಿಕೊಂಡು ಬರುತ್ತಿದ್ದರು.

ನೋಡುತ್ತಿದ್ದವಳು ನನ್ನ ತಂಗಿ. ನಮ್ಮ ತವರು ಕುಣಿಗಲ್ಲು. ನಾವು ಚಿಕ್ಕವರಿದ್ದಾಗ ಅಲ್ಲಿನ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಹೋಗಿ ನೋಡಿ ಬರುತ್ತಿತ್ತು. ಆದರೆ ಕಣ್ಣಾರೆ ನೋಡಿ ಬಂದವರೂ ಸಂಜೆ ನಮ್ಮ ಮನೆ ಜಗುಲಿಗೆ ಬಂದು ಕೂರುತ್ತಿದ್ದರು, ಲಂಗ ತೊಟ್ಟ ಕೌಸಲ್ಯೆಯ ಬಾಯಿಂದ ಅದನ್ನೇ ಇನ್ನೊಂದು ಸಲ ಕೇಳುವುದಕ್ಕೆ. ನೀರು ಹೇಗೆ ಮೊದಲು ಕಲ್ಲಿನ ಮೇಲೆ ಕೂತು ಯೋಚನೆ ಮಾಡಿತು, ಆಮೇಲೆ ಹೇಗೆ ಧುಮುಕಿತು ಅಂತ ಅವಳು ಹೇಳುವಾಗ ನಮ್ಮಪ್ಪ ಕೂಡ ಸಂಧ್ಯಾವಂದನೆಗೆ ತಡ ಮಾಡಿಕೊಳ್ಳುತ್ತಿದ್ದರು. ಅವಳಿಗೆ ಒಡವೆಯ ಆಸೆ ಇರಲಿಲ್ಲ, ಸೀರೆಯ ಆಸೆ ಇರಲಿಲ್ಲ. ನೋಡಿದ್ದನ್ನು ಹೇಳುವುದು ಅಂದರೆ ಪ್ರಾಣ. ಇಂಥವಳನ್ನು ಲೆಕ್ಚರರಿಗೆ ಕೊಟ್ಟರೆ ಚೆನ್ನಾಗಿ ಮಾತಾಡಿಕೊಂಡಿರುತ್ತಾರೆ ಅಂತ ಹಿರಿಯರು ಅಂದುಕೊಂಡರು.

ಎಪ್ಪತ್ತಮೂರರಲ್ಲಿ ಗಂಡ ಹೆಂಡತಿ ದಕ್ಷಿಣ ಯಾತ್ರೆಗೆ ಹೋದರು. ಕನ್ಯಾಕುಮಾರಿಯಲ್ಲಿ ಅನಂತರಾಮಯ್ಯನವರು ಗಾಳಿ ತುಂಬಿದ ದಿಂಬಿಗೆ ಒರಗಿ ಛತ್ರದಲ್ಲೇ ಉಳಿದರು. ಕೌಸಲ್ಯೆ ಹೋಗಿ ಸಮುದ್ರ ನೋಡಿದಳು, ಬಂದು ಗಂಡನ ಕಾಲು ಒತ್ತುತ್ತ ಹೇಳಿದಳು. ಅವರು ಬರೆದುಕೊಂಡರು. ಅವಳು ಊರಿಗೆ ಬಂದ ಮೇಲೆ ನನ್ನ ಅಡುಗೆಮನೆಯಲ್ಲಿ ಕೂತು ಅದನ್ನೇ ನನಗೂ ಹೇಳಿದ್ದಳು.

“ಸಮುದ್ರ ಹೊಸ್ತಿಲ ತನಕ ಬಂದು ಬಂದು ವಾಪಸು ಹೋಗುತ್ತೆ ಕಣಕ್ಕ, ಮನೆಗೆ ಬಂದ ಹೊಸ ಸೊಸೆ ಥರ. ಒಳಗೆ ಬಾ ಅಂತ ಯಾರಾದ್ರೂ ಕರೀತಾರೇನೋ ಅಂತ ನೋಡುತ್ತೆ. ಯಾರೂ ಕರೆಯಲ್ಲ.”

ಪುಸ್ತಕ ಬಂತು. ‘ದಕ್ಷಿಣಾಂಬುಧಿಯ ದಾರಿ’. ಅದರಲ್ಲಿ ಸಮುದ್ರವು ‘ಹೊಸ್ತಿಲವರೆಗೆ ಬಂದು, ನಾಚಿ, ಹಿಂದಕ್ಕೆ ಸರಿಯುವ ನವವಧು’ ಆಗಿತ್ತು. ಯಾರೂ ಕರೆಯದೆ ಹಿಂದಿರುಗಿದವಳನ್ನು ಈ ಮಹಾನುಭಾವರು ನಾಚಿಸಿ ಕಳಿಸಿದ್ದರು. ಆ ಒಂದು ಸಾಲಿಗೇ ಊರು ತಲೆದೂಗಿತು. ವಿಮರ್ಶಕರು ಅಂತ ಹೇಳಿಕೊಳ್ಳುತ್ತಿದ್ದ ಮೂವರು, ಮೂರು ಪತ್ರಿಕೆಗಳಲ್ಲಿ, ಅದೊಂದೇ ಸಾಲನ್ನು ಎತ್ತಿ ಬರೆದು ಉಳಿದದ್ದನ್ನು ಓದುವ ಕಷ್ಟ ತಪ್ಪಿಸಿಕೊಂಡರು. ಗುಬ್ಬಿಯಲ್ಲಿ ನಮ್ಮ ಸ್ಕೂಲಿಗೇ ಅವರನ್ನು ಭಾಷಣಕ್ಕೆ ಕರೆಸಿದರು. ‘ನನ್ನ ಕಣ್ಣು ಕಂಡ ಕಡಲು’ ಅಂತ ವಿಷಯ. ನನ್ನ ಪಕ್ಕದಲ್ಲಿ ಕೂತ ಕೌಸಲ್ಯೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

ಅರಿಕೆಯ ಪುಟದಲ್ಲಿ ಅವರು ಪ್ರೆಸ್ಸಿನವರನ್ನು ನೆನೆದಿದ್ದರು, ರಕ್ಷಾಪುಟ ಬರೆದವನನ್ನು ನೆನೆದಿದ್ದರು, ಬಸ್ಸಿನ ಡ್ರೈವರನ್ನೂ, ಅಡುಗೆ ಗುಂಡಯ್ಯನನ್ನೂ ಬಿಟ್ಟಿರಲಿಲ್ಲ. ಹೆಂಡತಿಯ ಹೆಸರು ಇರಲಿಲ್ಲ. ಒಂದು ಕಡೆ ನನ್ನ ಹೆಸರು ಹಾಕಬಹುದಿತ್ತಲ್ಲ ಅಂತ ಇವಳು ಕೇಳಿದ್ದಕ್ಕೆ, ಹಾಕಿದರೆ ಜನ ನಾನು ಹೆಂಡತಿಯ ಕಣ್ಣಲ್ಲಿ ನೋಡಿದೆ ಅಂತಾರಲ್ಲೇ ಅಂದರಂತೆ. ಅವರ ಬಾಯಿಂದ ಬಂದ ಒಂದೇ ಒಂದು ಸತ್ಯ ಅದು. ಮುಂದಿನ ಪುಸ್ತಕದಲ್ಲಿ ನೋಡೋಣ ಅಂತಲೂ ಅಂದರು. ಇವಳು ಅದನ್ನು ನಂಬಿದಳು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಇವಳು ನಂಬಿದ್ದರ ಮೇಲೆ.

ಮುಂದಿನ ಪುಸ್ತಕ ಕಾಶಿಯದು. ಎಪ್ಪತ್ತೆಂಟರಲ್ಲಿ ಯಾತ್ರಾ ಸ್ಪೆಷಲ್ ಬಸ್ಸು ಹೊರಟಾಗ ನಾನೂ ಹೊರಟೆ. ಹೊರಡುವ ಮೊದಲೇ ‘ಉತ್ತರಾಪಥದ ಉಸಿರು’ ಅಂತ ಅವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದರು, ಇಲ್ಲದ ಮಗುವಿಗೆ ಕುಲಾವಿ ಹೊಲಿಸಿದ ಹಾಗೆ. ಬಸ್ಸಿನಲ್ಲಿ ನಮ್ಮ ಜೊತೆಗೆ ಕುಣಿಗಲ್ಲಿನ ಶಿವರಾಮಯ್ಯ ಇದ್ದರು, ಬಟ್ಟೆ ಅಂಗಡಿಯವರು, ತಿನ್ನುವ ವಿಷಯದಲ್ಲಿ ಮಗುವಿನಂಥ ಮನುಷ್ಯ. ಕೊತ್ತಗೆರೆಯ ಕದರಮ್ಮ ಇದ್ದಳು. ದೊಡ್ಡ ತೆಂಗಿನ ತೋಟದ ಒಡತಿ. ದಾರಿಯ ಊಟದ ಮೇಲೆ ನಂಬಿಕೆಯಿಲ್ಲದೆ ಒಂದು ಡಬ್ಬದ ತುಂಬ ರಾಗಿಹಿಟ್ಟು ಹೊತ್ತು ತಂದಿದ್ದಳು.

ಪ್ರಯಾಗದಲ್ಲಿ ಎಂದಿನಂತೆ ಅವರು ಛತ್ರ ಕಾದರು, ಇವಳು ಸಂಗಮ ನೋಡಿ ಬಂದು ಹೇಳಿದಳು. ಮಾರನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅನಂತರಾಮಯ್ಯನವರು ಬರೆದದ್ದನ್ನು ಬಸ್ಸಿನವರಿಗೆಲ್ಲ ಓದಿ ತೋರಿಸಿದರು. ಗಂಗೆ ಯಮುನೆಯರು ‘ಪ್ರಿಯಸಖಿಯರಂತೆ ಆಲಂಗಿಸಿ’ ಹರಿಯುತ್ತಿದ್ದರು. ಒಲೆಯ ಹತ್ತಿರ ಈ ಬಸ್ಸಿಗೂ ಅಡುಗೆಗೆ ಬಂದಿದ್ದ ಗುಂಡಯ್ಯನಿಗೆ ತರಕಾರಿ ಹೆಚ್ಚಿಕೊಡುತ್ತಿದ್ದ ಕೌಸಲ್ಯೆಗೆ ತಡೆಯಲಾಗಲಿಲ್ಲ.

“ತಬ್ಕೊಳ್ಳಲ್ಲ ರೀ,” ಅಂದಳು. “ವಾರಗಿತ್ತಿಯರ ಥರ. ಒಂದೇ ಮನೇಲಿ ಇರ್ತಾರೆ, ಪಕ್ಕಪಕ್ಕದಲ್ಲೇ ನಡೀತಾರೆ, ಒಬ್ಬರ ಬಣ್ಣ ಒಬ್ಬರಿಗೆ ಹತ್ತಲ್ಲ.”

ಬಸ್ಸಿನ ಹೆಂಗಸರೆಲ್ಲ ನಕ್ಕರು. ವಾರಗಿತ್ತಿ ಇದ್ದವರು ಸ್ವಲ್ಪ ಜಾಸ್ತಿಯೇ ನಕ್ಕರು. ಅನಂತರಾಮಯ್ಯನವರ ಹಣೆಯ ಮೂರು ಗೆರೆಗಳೂ ಕೆಂಪಾದವು. ನೋಡೋದಕ್ಕೆ ಕಣ್ಣಿದ್ದರೆ ಸಾಲದು, ನೋಟ ಬೇಕು, ನೀನು ಬೀನ್ಸ್ ಹೆಚ್ಚು ಅಂತ ಎಲ್ಲರ ಎದುರಿಗೆ ಅಂದರು. ಈ ಸಲ ಹೆಸರು ಹಾಕ್ತೀನಿ ಅಂದಿದ್ರಲ್ಲ ಅಂತ ಇವಳು ಮೆಲ್ಲಗೆ ಕೇಳಿದಳು. ಬೀನ್ಸ್ ಹೆಚ್ಚಿದವರ ಹೆಸರನ್ನೆಲ್ಲ ಹಾಕುತ್ತಾ ಹೋದರೆ ಅದು ಸಾಹಿತ್ಯ ಆಗಲ್ಲ, ಮದುವೆ ಮನೆ ಉಗ್ರಾಣದ ಪಟ್ಟಿ ಆಗುತ್ತೆ ಅಂತ ಅವರು ಹಾಸ್ಯ ಮಾಡಿದರು. ಈಗ ಗಂಡಸರು ನಕ್ಕರು. ಕೌಸಲ್ಯೆ ಬೀನ್ಸ್ ಹೆಚ್ಚಿ ಮುಗಿಸಿದಳು.

ಎಲ್ಲರೂ ಪ್ರಯಾಗದಿಂದ ಕಾಶಿಗೆ ಹೋಗಿ ಆಮೇಲೆ ಗಯೆಗೆ ಹೋಗುತ್ತಾರೆ. ನಮಗೆ ಅಮಾವಾಸ್ಯೆ ಹತ್ತಿರ ಬಂದದ್ದರಿಂದ ಬಸ್ಸಿನ ಮ್ಯಾನೇಜರು ಮೊದಲು ಗಯೆಗೇ ಕರೆದುಕೊಂಡು ಹೋದ. ಅಲ್ಲಿ ಅಕ್ಷಯವಟದ ಕೆಳಗೆ ಪಿಂಡ ಇಟ್ಟಾದ ಮೇಲೆ, ತಮಗೆ ಅತ್ಯಂತ ಪ್ರಿಯವಾದದ್ದೊಂದನ್ನು ಬಿಡಬೇಕು. ಹಣ್ಣೋ ತರಕಾರಿಯೋ, ಬಿಟ್ಟದ್ದನ್ನು ಸಾಯುವ ತನಕ ಮುಟ್ಟುವಂತಿಲ್ಲ. ಪ್ರಿಯವಾದದ್ದು ಅಂತ ಶಾಸ್ತ್ರ ಹೇಳುತ್ತದೆ. ನಮ್ಮ ಜನ ಶಾಸ್ತ್ರಕ್ಕಿಂತ ಜಾಣರು. ಅನಂತರಾಮಯ್ಯನವರು ಹಾಗಲಕಾಯಿ ಬಿಟ್ಟರು, ಹುಟ್ಟಿದಾಗಿನಿಂದ ಅದನ್ನು ಎಲೆಗೆ ಬಡಿಸಿಕೊಂಡವರಲ್ಲ. ನಾನು ಪಡವಲಕಾಯಿ ಬಿಟ್ಟೆ, ನನ್ನದೇನು ಹೆಚ್ಚಿನ ತ್ಯಾಗವಲ್ಲ. ಪಾಪ, ಶಿವರಾಮಯ್ಯ ಮಾತ್ರ ಭಾವುಕರಾಗಿ ಸೀಬೆಹಣ್ಣು ಅಂದುಬಿಟ್ಟರು. ಕೌಸಲ್ಯೆಯ ಸರದಿ ಬಂದಾಗ ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ಮನಸ್ಸಿನಲ್ಲಿ ಅಂದುಕೊಂಡರೂ ಆಗುತ್ತೆ ತಾಯಿ ಅಂದ ಪಿಂಡ ಇಡಿಸುತ್ತಿದ್ದ ಪಂಡ. ಅವಳು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತಳು, ನೀರು ಬಿಟ್ಟಳು. ಏನು ಬಿಟ್ಟೆ ಅಂತ ಗಂಡ ಕೇಳಲಿಲ್ಲ. ಹೆಂಡತಿಗೆ ಪ್ರಿಯವಾದದ್ದು ಒಂದಿದೆ ಅನ್ನುವುದೇ ಅವರಿಗೆ ಹೊಳೆದಿರಲಾರದು.

ಮಾರನೆಯ ದಿನವೇ ಶಿವರಾಮಯ್ಯ ಬಸ್ ಸ್ಟಾಂಡಿನಲ್ಲಿ ಮರೆತು ಸೀಬೆಹಣ್ಣು ಕೊಂಡು ಬಾಯಿಗಿಟ್ಟರು. ಅನಂತರಾಮಯ್ಯನವರು ಕಿಟಕಿಯಿಂದಲೇ ಕೂಗಿ ಉಗುಳಿಸಿದರು. ಗಯೆಯಲ್ಲಿ ಬಿಟ್ಟದ್ದನ್ನು ಮತ್ತೆ ಮುಟ್ಟಿದರೆ ಇಟ್ಟ ಪಿಂಡ ವ್ಯರ್ಥ, ಹಿರಿಯರು ಹಸಿದುಕೊಂಡು ಹಿಂದಿರುಗುತ್ತಾರೆ, ಮುಟ್ಟುವಂತೆ ಮಾಡಿದವರಿಗೂ ಅದೇ ಪಾಪ ಅಂತ ಕಾಶಿ ಬರುವ ತನಕ ಉಪನ್ಯಾಸ ಕೊಟ್ಟರು. ಆ ಉಪನ್ಯಾಸವನ್ನು ಬರೆದಿಟ್ಟುಕೊಂಡರು ಕೂಡ. ಇಡೀ ಯಾತ್ರೆಯಲ್ಲಿ ಅವರದೇ ಸ್ವಂತ ಅನುಭವ ಅಂದರೆ ಇದೊಂದೇ ಆಗಿತ್ತು.

ಕಾಶಿಯಲ್ಲಿ ನನ್ನ ಮಂಡಿ ಕೈಕೊಟ್ಟಿತು. ನಾನು ಘಾಟಿನ ಮೇಲಿನ ಮೆಟ್ಟಿಲಲ್ಲೇ ಕೂತೆ. ಕೌಸಲ್ಯೆ ಕದರಮ್ಮನ ಜೊತೆ ದೋಣಿ ಹತ್ತಿ ಹೋದಳು. ತಿರುಗಿ ಬರುವಾಗ ಅವಳ ಮುಖ ನೋಡಿದೆ. ಕೋಡಿ ನೋಡಿ ಬಂದ ಹುಡುಗಿಯ ಮುಖವೇ ಅದು. ಇವತ್ತು ಕೇಳುವ ಹಾಗಿರುತ್ತೆ ಅಂದುಕೊಂಡೆ. ಛತ್ರದಲ್ಲಿ ಅನಂತರಾಮಯ್ಯನವರು ಪೆನ್ನಿಗೆ ಶಾಯಿ ತುಂಬಿಸಿ, ಕಾಲು ಚಾಚಿ ಸಿದ್ಧವಾಗಿದ್ದರು. ಇವಳು ಕೂತು ಕಾಲು ಒತ್ತಿದಳು. ಹೇಳು ಅಂದರು. “ಚೆನ್ನಾಗಿತ್ತು,” ಅಂದಳು. ಇನ್ನೂ ಅಂದರು. “ಬಹಳ ಚೆನ್ನಾಗಿತ್ತು,” ಅಂದಳು. ಅಷ್ಟೇ.

ದಣಿವು ಅಂದುಕೊಂಡರು, ಆಮೇಲೆ ಮುನಿಸು ಅಂದುಕೊಂಡರು. ತುಮಕೂರಿಗೆ ಬಂದ ಮೇಲೂ ಅದೇ. ನಾನು ಗುಬ್ಬಿಯಿಂದ ಹೋದಾಗೆಲ್ಲ ಅವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು, ಗಂಗೆ ಅಗಲ ಎಷ್ಟಿತ್ತೇ, ಆ ಕಡೆ ಏನಿತ್ತೇ ಅಂತ. ಚೆನ್ನಾಗಿತ್ತು ಅನ್ನುವುದನ್ನು ಬಿಟ್ಟು ಇವಳ ಬಾಯಿಂದ ಏನೂ ಬರುತ್ತಿರಲಿಲ್ಲ. ನನಗೂ ಹೇಳಿರಲಿಲ್ಲ, ಏಕೆಂದರೆ ಆ ಮನೆಯಲ್ಲಿ ಗೋಡೆಗೆ ಕಿವಿ ಇತ್ತು, ಆ ಕಿವಿಯ ಮೇಲೆ ಪೆನ್ನು ಸಿಕ್ಕಿಸಿತ್ತು. ಅತ್ತಿಗೆಯವರೇ, ನೀವಾದರೂ ಬುದ್ಧಿ ಹೇಳಿ ಅಂದರು ನನಗೆ. ನನಗೆ ಬುದ್ಧಿ ಸಾಲದು ಅಂದೆ. ಅವಳ ಮುನಿಸು ನನಗೆ ಹಬ್ಬದೂಟದಷ್ಟು ರುಚಿಯಾಗಿತ್ತು. ಆದರೆ ಅವಳು ಸೊರಗುತ್ತಿದ್ದಳು. ಹೇಳದೆ ಉಳಿದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಮನುಷ್ಯ ಹೇಗೆ ಕಾಣುತ್ತಾನೋ ಹಾಗೆ ಕಾಣುತ್ತಿದ್ದಳು.

ಪ್ರಕಟಣೆ ಕೊಟ್ಟಾಗಿತ್ತು, ಪ್ರೆಸ್ಸಿನವನು ಕಾಯುತ್ತಿದ್ದ. ರೈಲ್ವೆ ಸ್ಟೇಷನ್ನಿನಲ್ಲಿ ಕೊಂಡ ಗೈಡನ್ನು ಮುಂದಿಟ್ಟುಕೊಂಡು, ಮಿಕ್ಕಿದ್ದನ್ನು ಹಣೆಯ ಗೆರೆಗಳಿಂದ ತೆಗೆದು, ಅನಂತರಾಮಯ್ಯನವರು ‘ಉತ್ತರಾಪಥದ ಉಸಿರು’ ಬರೆದು ಮುಗಿಸಿದರು. ತುಮಕೂರು ಅದನ್ನೂ ಮೆಚ್ಚಿತು. ಹಾರ ಹಾಕುವವರಿಗೆ ಪುಸ್ತಕ ಯಾವುದಾದರೇನು. ಎಂಬತ್ತರ ಮಾಘದಲ್ಲಿ ಕುಣಿಗಲ್ಲಿನ ಸಾಹಿತ್ಯಾಸಕ್ತರು ಊರಿನ ಅಳಿಯನಿಗೆ ಸನ್ಮಾನ ಇಟ್ಟುಕೊಂಡರು. ನಾವು ಅಕ್ಕತಂಗಿಯರೂ ಹೋದೆವು.

ಸ್ಕೂಲಿನ ಹಾಲಿನಲ್ಲಿ ಸಭೆ. ಅಧ್ಯಕ್ಷರು ಏಕಾಂತಯ್ಯ ಮೇಷ್ಟ್ರು. ಬಹಳ ವಯಸ್ಸಾಗಿತ್ತು. ನಮ್ಮ ಜಗುಲಿಯಲ್ಲಿ ಕೂತು ಕೋಡಿಯ ಕಥೆ ಕೇಳಿದವರಲ್ಲಿ ಉಳಿದವರು ಅವರೊಬ್ಬರೇ. ಮುಂದಿನ ಸಾಲಿನಲ್ಲಿ ಶಿವರಾಮಯ್ಯ, ಹೆಂಗಸರ ಕಡೆ ಕದರಮ್ಮ. ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಲೇಖಕರು ಶಾಲು ತೆಗೆಯದೆ ಕಾಶಿಯ ಅಧ್ಯಾಯ ಓದಲು ನಿಂತರು. ಘಾಟಿನ ಮೆಟ್ಟಿಲ ಮೇಲೆ ಕುಳಿತು ತಾವು ಧ್ಯಾನಸ್ಥರಾಗಿದ್ದಾಗ ‘ಸಂಜೆಯ ಸೂರ್ಯನು ಗಂಗೆಯ ಆಚೆ ದಡದ ಮರಳಿನಲ್ಲಿ ಮೆಲ್ಲನೆ ಮುಳುಗಿದನು’ ಅಂತ ಓದಿ, ಚಪ್ಪಾಳೆಗೆ ಜಾಗ ಬಿಟ್ಟು ನಿಲ್ಲಿಸಿದರು.

ಆ ಜಾಗದಲ್ಲಿ ಕದರಮ್ಮ ಮಾತಾಡಿದಳು. “ಆಚೆ ದಡದಾಗೆ ಹೊತ್ತು ಹುಟ್ಟೋದಲ್ವಾ ಸ್ವಾಮಿ? ನಾವು ದೋಣಿಯಾಗೆ ಹೋದಾಗ ಅಲ್ಲಿಂದ್ಲೇ ಮೇಲಕ್ಕೆ ಬಂತು.”

ನಿಜ. ಕಾಶಿಯ ಘಾಟುಗಳೆಲ್ಲ ಮೂಡಲಿಗೆ ಮುಖ ಮಾಡಿವೆ. ಅಲ್ಲಿ ಒಂದು ಗಳಿಗೆ ಕೂತವರಿಗೆ ಗೊತ್ತು, ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡು ಕೂತ ನನಗೂ ಗೊತ್ತಿತ್ತು. ಅನಂತರಾಮಯ್ಯನವರು ಮುಗುಳ್ನಕ್ಕು, ಅದು ಕವಿಸಮಯ ಅಂದರು. ಕವಿಗೆ ಯಾವ ಸಮಯವಾದರೂ ಸೂರ್ಯನಿಗೆ ಅವನದೇ ಸಮಯ ಅಲ್ವೇ ಅಂತ ಶಿವರಾಮಯ್ಯ ಗೊಣಗಿದರು. ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. ಸಭೆ ಕೆಡಬಾರದು ಅಂತ ಏಕಾಂತಯ್ಯ ಮೇಷ್ಟ್ರು ಕೈ ಎತ್ತಿದರು. ನಮ್ಮ ಕೌಸಲ್ಯೆ ಜೊತೆಗೇ ಹೋಗಿದ್ದಳಲ್ಲ, ಅವಳೇ ಹೇಳಲಿ ಅಂದರು. ಅವಳು ಹೇಳಿದ್ದು ಕೇಳಿ ಬಹಳ ವರ್ಷ ಆಯ್ತು ಅಂತಲೂ ಅಂದರು.

ಕೌಸಲ್ಯೆ ಎದ್ದು ನಿಂತಳು. ಗಂಡ ವೇದಿಕೆಯ ಮೇಲಿಂದ ಅವಳನ್ನು ನೋಡಿದ ನೋಟದಲ್ಲಿ ಅಪ್ಪಣೆಯೂ ಇತ್ತು, ಅಂಗಲಾಚುವುದೂ ಇತ್ತು. ಸೂರ್ಯ ಮುಳುಗಿದ ಅಂತ ಇವಳೊಂದು ಮಾತು ಅಂದರೆ ಪುಸ್ತಕ ಉಳಿಯುತ್ತಿತ್ತು. ಹೆಂಡತಿಗಲ್ಲದೆ ಇನ್ಯಾರಿಗೆ ಗೊತ್ತು ಅಂತ ಊರು ಒಪ್ಪಿಕೊಳ್ಳುತ್ತಿತ್ತು.

“ನಿಮಗೆ ಹೇಳಬಹುದು ಮೇಷ್ಟ್ರೇ,” ಅಂದಳು. “ಇವರಿಗೆ ಹೇಳೋ ಹಾಗಿಲ್ಲ. ನಾನು ನೋಡಿದ್ದನ್ನ ಇವರಿಗೆ ಹೇಳೋದನ್ನ ಗಯೆಯಲ್ಲಿ ಬಿಟ್ಟು ಬಂದಿದೀನಿ.”

ನಾನು ಮುನಿಸು ಅಂದುಕೊಂಡಿದ್ದೆ. ಇಡೀ ಬಸ್ಸಿನಲ್ಲಿ ನಾವೆಲ್ಲ ಹಾಗಲ, ಪಡವಲ ಬಿಟ್ಟು ಪುಣ್ಯ ಕಟ್ಟಿಕೊಂಡಿದ್ದೆವು. ಪ್ರಾಣದಷ್ಟು ಪ್ರಿಯವಾದದ್ದನ್ನು ಬಿಟ್ಟವಳು ಇವಳು. ಏನು ಬಿಟ್ಟೆ ಅಂತ ಇವಳನ್ನು ಇವತ್ತಿನ ತನಕ ಯಾರೂ ಕೇಳಿರಲಿಲ್ಲ.

ಅನಂತರಾಮಯ್ಯನವರು ಗಂಟಲು ಸರಿಮಾಡಿಕೊಂಡರು. ತಪ್ಪಿಲ್ಲ, ಪರಿಹಾರ ಮಾಡಿಸಿದರಾಯಿತು, ಹೇಳು ಅಂದರು. ಆಗ ಶಿವರಾಮಯ್ಯ ಎದ್ದರು. ಆ ಮನುಷ್ಯ ಅಷ್ಟು ನೇರವಾಗಿ ನಿಂತದ್ದನ್ನು ನಾನು ನೋಡಿರಲಿಲ್ಲ. ಬಿಡುಗಡೆಯಾದ ಪುಸ್ತಕದ ಗಯೆಯ ಅಧ್ಯಾಯ ತೆಗೆದು, ಬಿಟ್ಟದ್ದನ್ನು ಮುಟ್ಟುವಂತೆ ಮಾಡಿದವರಿಗೂ ಪಾಪ ಅನ್ನುವ ಸಾಲನ್ನು ಗಟ್ಟಿಯಾಗಿ ಓದಿದರು.

“ನನ್ನ ಬಾಯಿಂದ ಉಗುಳಿಸಿದ್ರಿ ಸಾರ್,” ಅಂದರು. “ಅವತ್ತಿಂದ ಇವತ್ತಿನವರೆಗೆ ನಾನು ಸೀಬೆಹಣ್ಣು ಮುಟ್ಟಿಲ್ಲ. ಅವರ ವ್ರತ ಕೆಡಿಸ್ತೀರಾ?”

ಸನ್ಮಾನದ ತಟ್ಟೆಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಸೀಬೆಹಣ್ಣೇ. ಅದನ್ನು ನೋಡಿ ನಗು ಬಂದು ನಾನು ಸೆರಗು ಬಾಯಿಗಿಟ್ಟುಕೊಂಡೆ. ಏಕಾಂತಯ್ಯ ಮೇಷ್ಟ್ರಿಗೆ ಕೇಳುವ ಆಸೆ. ಅವರು ಯೋಚಿಸಿ, ಬಹಳ ಮರ್ಯಾದೆಯಿಂದ, ಅಳಿಯಂದಿರು ಸ್ವಲ್ಪ ಹೊತ್ತು ಹೊರಗೆ ಗಾಳಿಗೆ ನಿಂತಿದ್ದರೆ ವ್ರತಕ್ಕೂ ಭಂಗವಿಲ್ಲ, ಸಭೆಗೂ ಭಂಗವಿಲ್ಲ ಅಂದರು. ಅನಂತರಾಮಯ್ಯನವರು ಸಭೆಯ ಮುಖ ನೋಡಿದರು. ತಮ್ಮದೇ ಪುಸ್ತಕ ಶಿವರಾಮಯ್ಯನವರ ಕೈಯಲ್ಲಿ ಬಿಚ್ಚಿಕೊಂಡಿತ್ತು. ಅದನ್ನು ಸುಳ್ಳು ಅಂದರೆ ಉಳಿದದ್ದನ್ನೂ ಸುಳ್ಳು ಅನ್ನಬೇಕಾಗುತ್ತಿತ್ತು. ಶಾಲು ಸರಿಮಾಡಿಕೊಂಡು ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ನಡೆದು, ತಮ್ಮ ಸನ್ಮಾನದಿಂದ ತಾವೇ ಹೊರಗೆ ಹೋದರು. ಕಿಟಕಿಯ ಹತ್ತಿರ ಶಾಲಿನ ಅಂಚು ಕಂಡಿತು. ಕದರಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿದಳು. “ಬುಡಿ ಸ್ವಾಮಿ, ಪಾಪ ಬತ್ತದೆ,” ಅಂದಳು.

ಕೌಸಲ್ಯೆ ವೇದಿಕೆ ಹತ್ತಲಿಲ್ಲ. ನಿಂತ ಕಡೆಯೇ ನಿಂತು, ಕೈಗಳನ್ನು ಹೇಗೆ ಇಟ್ಟುಕೊಳ್ಳಬೇಕೋ ತಿಳಿಯದವಳ ಹಾಗೆ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಶುರು ಮಾಡಿದಳು.

“ಕನ್ಯಾಕುಮಾರಿ ಸಮುದ್ರ ಹೊಸ್ತಿಲ ತನಕ ಬಂದು ವಾಪಸು ಹೋಗುತ್ತೆ. ನಾಚಿಕೊಂಡಲ್ಲ, ಯಾರೂ ಕರೀಲಿಲ್ಲ ಅಂತ. ಗಂಗೆ ಹಾಗಲ್ಲ. ಕತ್ತಲಲ್ಲಿ ನಾವು ದೋಣಿ ಹತ್ತಿದಾಗ ಅವಳು ಯಾರ ಕಡೆಗೂ ನೋಡದೆ ಹೋಗ್ತಾ ಇದ್ದಳು. ಆಗ ಆಚೆ ದಡದಲ್ಲಿ…”

ಏಕಾಂತಯ್ಯ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು, ಜಗುಲಿಯಲ್ಲಿ ಕೂರುತ್ತಿದ್ದ ಹಾಗೆ. ಹಿಂದಿನ ಬೆಂಚಿನವರು ಎದ್ದು ಬಂದು ಹತ್ತಿರ ನೆಲದ ಮೇಲೆ ಕೂತರು. ನಾನು ಅವತ್ತು ಕಾಶಿ ನೋಡಿದೆ. ಹೊರಗೆ, ಬಿಟ್ಟ ಚಪ್ಪಲಿಗಳ ಪಕ್ಕ, ಹೊಸ್ತಿಲ ಆಚೆ ಅನಂತರಾಮಯ್ಯನವರು ಶಾಲು ಹೊದ್ದು ನಿಂತಿದ್ದರು. ಎರಡು ಸಲ ಬಾಗಿಲ ತನಕ ಬಂದು ಹಿಂದಕ್ಕೆ ಹೋದರು. ಒಳಗೆ ಬನ್ನಿ ಅಂತ ಯಾರೂ ಕರೆಯಲಿಲ್ಲ.